ಟವಲಿನ ಕೆಳಗೆ ಕೊಟ್ಟ ಕೈ

ಟವಲಿನ ಕೆಳಗೆ ಕೊಟ್ಟ ಕೈಯನ್ನು ವೆಂಕಟರವಣಪ್ಪ ಒಂದು ಸಲವೂ ಹಿಂದಕ್ಕೆ ಎಳೆದುಕೊಂಡವನಲ್ಲ. ಶಿಡ್ಲಘಟ್ಟದ ಗೂಡಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ. ರೇಷ್ಮೆಗೂಡು ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಒಂದು ಟವಲು ಹೊದಿಸಿಕೊಂಡು, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ; ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಮೇಲೆ ಮಳೆಯ ಮಾತು, ಮಗಳ ಮದುವೆಯ ಮಾತು, ಕೆಳಗೆ ವ್ಯಾಪಾರ. ಬೆರಳು ಒತ್ತಿ ಬಿಟ್ಟರೆ ಮುಗಿಯಿತು. ಆಮೇಲೆ ಆಕಾಶ ಕಳಚಿ ಬಿದ್ದರೂ ಬೆಲೆ ಬದಲಾಗದು. ಬದಲಾಯಿಸಿದವನ ಟವಲಿನ ಕೆಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

ಈ ಕೈಯನ್ನು ನಂಬಿಯೇ ಸಾಹುಕಾರ ನಲ್ಲಪ್ಪನವರು ಅವನನ್ನು ತಮ್ಮ ರೇಷ್ಮೆ ಕಂಪನಿಗೆ ಮ್ಯಾನೇಜರ್ ಮಾಡಿದ್ದರು, ಇರಲು ಕಂಪನಿಯ ಮನೆ ಕೊಟ್ಟಿದ್ದರು. ಅಂಥವನು ಒಂದು ಸಂಜೆ ಮನೆಗೆ ಬಂದು, ಕಾಲು ತೊಳೆದು, ಹೆಂಡತಿ ಅಶ್ವತ್ಥಮ್ಮ ಇಟ್ಟ ಮುದ್ದೆಯ ಮುಂದೆ ಕೂತು, "ಸಂಬಳ ಇಪ್ಪತ್ತು ರೂಪಾಯಿ ಜಾಸ್ತಿ ಆಯ್ತು ಕಣೇ" ಅಂದ.

"ಯಾಕಂತೆ?" ಸುಮ್ಮನೆ ಬಂದ ದುಡ್ಡೆಂದರೆ ಅಶ್ವತ್ಥಮ್ಮನಿಗೆ ಮೊದಲಿಂದಲೂ ಭಯ.

"ಯಾಕೆ ಅಂದ್ರೆ? ದುಡೀತೀನಿ, ಕೊಡ್ತಾರೆ. ಜೊತೇಲಿ ಒಂದು ಕಾಗದಕ್ಕೆ ರುಜು ಹಾಕ್ಬೇಕಂತೆ. ಟವಲ್ ಕೆಳಗೆ ಕೈ ಕೊಟ್ಟು ಹೂಂ ಅಂದ್ಬಿಟ್ಟೆ."

"ಏನ್ ಕಾಗದ?"

"ಅದೇ, ಇನ್ಷೂರೆನ್ಸು."

ಮಗಳು ಶ್ಯಾಮಲ ಆ ವರ್ಷ ಎಸ್ಸೆಸೆಲ್ಸಿ. ಮನೆಯಲ್ಲಿ ಇಂಗ್ಲಿಷು ಓದಬಲ್ಲವಳು ಅವಳೊಬ್ಬಳೇ. ಗೂಟಕ್ಕೆ ನೇತುಹಾಕಿದ್ದ ಅಪ್ಪನ ಕೋಟಿನ ಜೇಬಿನಿಂದ ಕಾಗದ ತೆಗೆದು ಬುಡ್ಡಿ ದೀಪದ ಹತ್ತಿರ ಹಿಡಿದಳು. ತುಟಿ ಅಲ್ಲಾಡಿಸಿಕೊಂಡು ಎರಡು ಸಲ ಓದಿದಳು.

"ಅಪ್ಪಾ, ಇದು ನಿನ್ನ ಜೀವದ ಮೇಲೆ. ಇಪ್ಪತ್ತು ಸಾವಿರ ರೂಪಾಯಿ. ಕಂತು ಕಂಪನಿ ಕಟ್ಟುತ್ತೆ."

"ನೋಡ್ದೇನೇ? ನಾವು ಬಿಡಿಗಾಸೂ ಕಟ್ಟಂಗಿಲ್ಲ."

"ಪೂರ್ತಿ ಕೇಳು. ನೀನು ಹೋದ್ಮೇಲೆ ದುಡ್ಡು ತಗೊಳ್ಳೋದೂ ಕಂಪನೀನೇ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಕೊಂಡಮ್ಮ ಕೈ ನಿಲ್ಲಿಸಿದಳು. ಅವಳ ತವರು ಹಿಂದೂಪುರದ ಕಡೆ; ಸಿಟ್ಟು ಬಂದಾಗ ನಾಲಿಗೆ ತೆಲುಗಿಗೆ ಹೊರಳುತ್ತಿತ್ತು.

"ಏಮಿರಾ ಇದಿ? ನೀನು ಸತ್ರೆ ನಲ್ಲಪ್ಪನಿಗೆ ದುಡ್ಡಾ? ಬದುಕಿರೋವಾಗ್ಲೇ ನನ್ನ ಮಗನ ಬಾಯಿಗೆ ಅಕ್ಕಿ ಹಾಕ್ತಾನಾ ಅವನು?"

"ಅಮ್ಮಾ, ಸಾಯೋ ಮಾತು ಯಾರು ಆಡಿದ್ರು ಈಗ? ಬೆಂಗಳೂರಿನ ಬ್ಯಾಂಕಿನೋರು ಹೊಸ ಬಾಯ್ಲರಿಗೆ ದುಡ್ಡು ಕೊಡ್ತಾರೆ. ನಿಮ್ಮ ಕಂಪನಿ ಪೂರ್ತಿ ಒಬ್ಬನ ಕೈ ಮೇಲೆ ನಿಂತಿದೆ, ಅವನಿಗೇನಾದ್ರೂ ಆದ್ರೆ ನಮ್ಮ ದುಡ್ಡಿಗೆ ಗತಿ ಏನು ಅಂತ ಕೇಳಿದಾರೆ. ಅದಕ್ಕೆ ಇದು. ನನಗೆ ಮರ್ಯಾದೆ ಅಲ್ವಾ?"

"ಕಂಪನಿ ಕೈ ಮುರ್ಕೊಂಡ್ರೆ ಅವರಿಗೆ ಇಪ್ಪತ್ತು ಸಾವಿರ" ಎಂದಳು ಅಶ್ವತ್ಥಮ್ಮ, ಸಾರಿನ ಸೌಟು ಕೈಯಲ್ಲೇ ಇತ್ತು. "ಮನೆ ಕೈ ಮುರ್ಕೊಂಡ್ರೆ ನನಗೇನು?"

ವೆಂಕಟರವಣಪ್ಪ ಮುದ್ದೆ ಮುರಿದ.

"ನಾಳೆ ಹೋಗಿ ಆಗಲ್ಲ ಅನ್ನಿ. ಇಲ್ಲ, ಅರ್ಧ ನಮಗೆ ಬರೀರಿ ಅನ್ನಿ."

"ಕೈ ಕೊಟ್ಟಾಯ್ತಲ್ಲೇ."

"ಕೇಳದೇನೇ ಕೊಟ್ರಾ?"

"ಸಂಬಳದ ಮಾತು ಅಂದ್ಕೊಂಡೆ." ಅವನ ದನಿ ಸಣ್ಣದಾಯಿತು. "ಬೆರಳು ಒತ್ತಿದ ಮೇಲೆ ಇದನ್ನ ಹೇಳಿದ್ರು. ಕೊಟ್ಟ ಕೈಗೆ ಮತ್ತೆ ಬೆಲೆ ಕೇಳೋಕಾಗುತ್ತಾ? ನಾಳೆ ಸಂತೇಲಿ ಯಾರು ನನ್ನ ಹತ್ರ ಬರ್ತಾರೆ?"

ಆ ರಾತ್ರಿ ಕೊಂಡಮ್ಮ ಊಟ ಮಾಡಲಿಲ್ಲ. ಅವರೆಕಾಳು ಮೊರದಲ್ಲೇ ಉಳಿಯಿತು.

ಮೂರು ದಿನ ಕಳೆಯುವಷ್ಟರಲ್ಲಿ ನಲ್ಲಪ್ಪನವರ ಮನೆಯಿಂದ ಹಾಲು ಬರತೊಡಗಿತು. ಬೆಳಿಗ್ಗೆ ಒಂದು ಚೊಂಬು ತುಂಬ ಎಮ್ಮೆ ಹಾಲು, ಬಟ್ಟೆಯಲ್ಲಿ ಸುತ್ತಿದ ಕೋಳಿಮೊಟ್ಟೆ. ವಿಮೆಯವರ ಡಾಕ್ಟರು ಮ್ಯಾನೇಜರನ್ನು ನೋಡುವ ಮೊದಲು ಮೈಗೆ ಸ್ವಲ್ಪ ಸತ್ವ ಬರಲಿ ಎಂದು.

"ಮಾರಮ್ಮನಿಗೆ ಬಿಟ್ಟ ಕುರಿಗೆ ಮೇವು ಹಾಕ್ದಂಗೆ ಹಾಕ್ತಾನೆ ನೋಡು" ಎಂದಳು ಕೊಂಡಮ್ಮ. "ಆ ಹಾಲು ಒಲೆ ಮೇಲೆ ಇಟ್ರೆ ನಾನು ಅಡಿಗೆಮನೆಗೆ ಬರಲ್ಲ."

"ಹಾಲು ಏನು ಮಾಡ್ತು ಅಜ್ಜೀ?" ಶ್ಯಾಮಲ ಲೋಟ ಎತ್ತಿಕೊಂಡಳು. "ಪರೀಕ್ಷೆಗೆ ಓದ್ತಾ ಇದೀನಿ, ನನಗೂ ತಲೆ ಸುತ್ತುತ್ತೆ."

"ಕುಡಿ, ಕುಡಿ. ನಿಮ್ಮಪ್ಪನ ತಿಥಿ ಪಾಯಸ ಅಂದ್ಕೊಂಡು ಕುಡಿ."

ಶ್ಯಾಮಲ ಲೋಟವನ್ನು ನೆಲಕ್ಕೆ ಕುಕ್ಕಿದಳು. ಹಾಲು ಚೆಲ್ಲಿತು. ಅಶ್ವತ್ಥಮ್ಮ ಇಬ್ಬರನ್ನೂ ಬೈಯದೆ ಬಟ್ಟೆ ತಂದು ಒರೆಸಿದಳು. ಹಾಲನ್ನು ಬಚ್ಚಲಿಗೆ ಸುರಿಯುವುದು ಅವಳ ಕೈಲಿ ಆಗದ ಕೆಲಸ. ಕಾಯಿಸಿದಳು, ಹೆಪ್ಪು ಹಾಕಿದಳು, ಗಂಡನಿಗೆ ಮೊಸರು ಬಡಿಸಿದಳು. ಅವನ ಕೆನ್ನೆ ತುಸು ತುಂಬಿದ್ದನ್ನು ನೋಡಿ ಅವಳಿಗೇ ಹೇಸಿಗೆಯಾಗುವಷ್ಟು ಖುಷಿಯಾಯಿತು.

ಅವನೂ ಆ ದಿನಗಳಲ್ಲಿ ಗೆಲುವಾಗಿದ್ದ. ಊಟಕ್ಕೆ ಕೂತಾಗ ಮಗಳ ಕೈ ಹಿಡಿದು ಸಂತೆಯ ಗುಟ್ಟು ಹೇಳಿಕೊಡುತ್ತಿದ್ದ.

"ನಮ್ಮ ಸಾಹುಕಾರ್ರು ಇದಾರಲ್ಲ, ಅವರ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲಮ್ಮ. ಅವರ ಹೆಬ್ಬೆರಳು ನೋಡ್ಬೇಕು. ಕೊನೇ ಬೆಲೆಗೆ ಬಂದಾಗ ಅದು ಸಡಿಲ ಆಗುತ್ತೆ. ಒಳಗಡೆ ಮಡಚ್ಕೊಂಡಿದ್ರೆ ಇನ್ನೂ ಇದೆ ಅಂತ ತಿಳ್ಕೊ, ಬಿಡಬಾರದು."

"ಹಂಗಾದ್ರೆ ನಿನಗೆ ಸಂಬಳ ಹೇಳುವಾಗ ಹೆಬ್ಬೆರಳು ಹೆಂಗಿತ್ತಪ್ಪಾ?"

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ಎಲ್ಲರೂ ತಟ್ಟೆ ನೋಡುತ್ತ ಕೂತರು. ಬಾಯ್ಲರಿನ ಹಬೆಯಲ್ಲಿ ಕೆಲಸ ಮಾಡುವವರಿಗೆ ಕೆಮ್ಮು ಹೊಸದಲ್ಲ. ಆ ಬೀದಿಯ ಯಾವ ಮನೆಯಲ್ಲಿ ಕಿವಿಗೊಟ್ಟರೂ ಕೇಳುತ್ತಿತ್ತು.

ವಿಮೆ ಏಜೆಂಟ್ ಗಂಗುಲಪ್ಪ ಚಿಂತಾಮಣಿಯವರು. ದಪ್ಪ ಕನ್ನಡಕ, ಕೊಡೆ, ಎಲೆಅಡಿಕೆಯ ಬಾಯಿ. ಒಂದು ಭಾನುವಾರ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಒಳಗಿದ್ದ ಹೆಂಗಸರಿಗೂ ಕೇಳುವ ಹಾಗೆ ಹೇಳಿದರು:

"ನೋಡಿ ಮ್ಯಾನೇಜ್ರೇ, ಕಟ್ಟೋದು ಕಂಪನಿ ದುಡ್ಡು, ಬರೋದೂ ಕಂಪನಿಗೆ. ಆದ್ರೆ ಜೀವ ನಿಮ್ಮದು. ನೀವು ಒಪ್ಪದೆ ಈ ಕಾಗದ ಒಂದು ಹೆಜ್ಜೆ ಮುಂದೆ ಹೋಗಲ್ಲ, ಅದು ಆಫೀಸಿನ ರೂಲು. ನನ್ನದೂ ಒಂದು ರೂಲಿದೆ. ಮನೆಯವರ ಎದುರಿಗೆ ನಿಮ್ಮನ್ನ ಬಾಯಿಬಿಟ್ಟು ಕೇಳ್ತೀನಿ, ಮನೆಯವರನ್ನೂ ಕೇಳ್ತೀನಿ. ಅವರು ಹೂಂ ಅಂದ್ರೇನೇ ರುಜು. ಹೆಂಗಸರ ಶಾಪ ನನಗೆ ಬೇಡಪ್ಪ."

"ನಮ್ಮನೇಲಿ ಎಲ್ಲಾ ಒಪ್ಪಿದಾರೆ" ಎಂದ ವೆಂಕಟರವಣಪ್ಪ.

ಒಳಗಿಂದ ಒನಕೆಯ ಸದ್ದು ಒಮ್ಮೆಲೇ ಜೋರಾಯಿತು. ಕೊಂಡಮ್ಮ ಕುಟ್ಟುವುದಕ್ಕೆ ಏನೂ ಇಲ್ಲದೆ ಬರೀ ಒರಳು ಕುಟ್ಟುತ್ತಿದ್ದಳು. ಗಂಗುಲಪ್ಪ ಕೊಡೆ ತೆಗೆದುಕೊಂಡು ಎದ್ದರು. "ಮೊದಲು ಡಾಕ್ಟ್ರು ನೋಡ್ಲಿ. ಆಮೇಲೆ ಬರ್ತೀನಿ."

ಚಿಕ್ಕಬಳ್ಳಾಪುರಕ್ಕೆ ಬೆಳಗಿನ ಪುಟ್ಟ ರೈಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಬೆರಳು ತಟ್ಟಿ, ತೂಕ ನೋಡಿ, "ಸ್ವಲ್ಪ ಗೊರಗೊರ ಇದೆ, ಹಬೇಲಿರೋರಿಗೆ ಇದ್ದದ್ದೇ" ಎಂದು ಬರೆದುಕೊಟ್ಟರು. ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಅಶ್ವತ್ಥಮ್ಮ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡಳು. ವಾಪಸು ಬರುವಾಗ ಅವನು ಸ್ಟೇಷನ್ನಿನಲ್ಲಿ ಅವಳಿಗೆ ಮೊಳ ಹೂವು ಕೊಡಿಸಿದ. "ನೋಡ್ದಾ? ಅಮ್ಮ ಸುಮ್ನೆ ಹುಯ್ಲಿಡ್ತಾಳೆ. ನೂರು ವರ್ಷ ಬದುಕಿ ಸಾಹುಕಾರ್ರ ಕೈಲಿ ಕಂತು ಕಟ್ಟಿಸ್ತೀನಿ." ರೈಲು ನಿಧಾನಕ್ಕೆ ಹೋಗುತ್ತಿತ್ತು, ಆ ಒಂದು ದಾರಿಯುದ್ದ ಅವಳು ಅದನ್ನು ನಂಬಿದಳು.

ಎರಡು ವಾರದ ಮೇಲೆ, ಬಾವಿಯ ಹತ್ತಿರ ಬಟ್ಟೆ ಒಗೆಯುವಾಗ, ಅವನ ಸಂತೆಯ ಟವಲು ಕೈಗೆ ಬಂತು. ಅದು ಉಂಡೆಯಾಗಿ ಸುತ್ತಿಕೊಂಡಿತ್ತು. ಬಿಚ್ಚಿದಳು. ಮತ್ತೆ ಸುತ್ತಿ, ಒದ್ದೆ ಕೈಯಲ್ಲೇ ಒಳಗೆ ಓಡಿದಳು.

ಅವನು ಕನ್ನಡಿ ಮುಂದೆ ಕ್ಷೌರ ಮಾಡಿಕೊಳ್ಳುತ್ತಿದ್ದ.

"ಏನಿದು?"

"ಗೂಡಿನ ಬಣ್ಣ ಇರ್ಬೇಕು."

"ಗೂಡು ಹಳದಿ ರೀ. ಇದು ಕೆಂಪು."

ಕತ್ತಿ ಕೆನ್ನೆಯ ಮೇಲೆ ನಿಂತಿತು.

"ಯಾವಾಗಿಂದ?"

"ಡಾಕ್ಟ್ರು ನೋಡಿದ ಮೇಲಿಂದ."

ನಿಜವೋ ಸುಳ್ಳೋ ಅವಳಿಗೆ ತಿಳಿಯಲಿಲ್ಲ. ತಿಳಿದುಕೊಂಡು ಮಾಡುವುದೂ ಏನಿರಲಿಲ್ಲ.

"ಬೆಂಗಳೂರು ದೊಡ್ಡಾಸ್ಪತ್ರೆಗೆ ಹೋಗಣ. ಇವತ್ತೇ."

"ರುಜು ಆಗ್ಲಿ, ಹೋಗಣ."

"ರುಜು ಮನೆ ಹಾಳಾಗ! ಅವರಿಗೆ ಹೇಳಿಬಿಡಿ."

"ಹೇಳಿದ್ರೆ ಬ್ಯಾಂಕಿನ ದುಡ್ಡಿಲ್ಲ, ಬಾಯ್ಲರಿಲ್ಲ, ಈ ರೋಗದೋನನ್ನ ಯಾರು ಗೂಡಿನ ಹತ್ರ ಬಿಟ್ಕೊಳ್ತಾರೆ? ಕೆಲಸ ಹೋಗುತ್ತೆ. ಈ ಮನೆ ಕಂಪನೀದು, ಮನೆ ಹೋಗುತ್ತೆ."

"ಸುಮ್ನಿದ್ದು, ನೀವು ಸತ್ರೆ?"

ಅವನು ಮುಖ ಒರೆಸಿಕೊಂಡ. "ಆಗ್ಲೂ ಹೋಗುತ್ತೆ."

ಅವತ್ತಿನಿಂದ ಅಶ್ವತ್ಥಮ್ಮ ಗಂಡನ ತಟ್ಟೆ, ಲೋಟ ಬೇರೆ ಇಟ್ಟಳು. ಬಿಸಿನೀರಿನಲ್ಲಿ ಬೇರೆ ತೊಳೆದಳು. ಕೊಂಡಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ?

"ನನ್ನ ಮಗನೇನು ಪರದೇಶದೋನೇನೇ, ತಟ್ಟೆ ಬೇರೆ ಇಡೋಕೆ?"

"ಹರಕೆ ಅತ್ತೆ. ತಿಮ್ಮಪ್ಪನಿಗೆ ಹೇಳ್ಕೊಂಡಿದೀನಿ."

"ಎಂಥಾ ಹರಕೆ? ಗಂಡನ ಎಂಜಲು ಮುಟ್ಟಲ್ಲ ಅಂತಾನಾ? ಸಂಬಳ ಜಾಸ್ತಿ ಆದ್ಮೇಲೆ ಸೊಕ್ಕು ಜಾಸ್ತಿ ಆಯ್ತು ನಿನಗೆ."

ಅಶ್ವತ್ಥಮ್ಮ ಬೈಸಿಕೊಂಡಳು. ಶ್ಯಾಮಲ ಮಾತ್ರ ಪುಸ್ತಕದಿಂದ ತಲೆಯೆತ್ತಿ ಅಮ್ಮನನ್ನೂ ತಟ್ಟೆಯನ್ನೂ ನೋಡಿದಳು. ಸಂಜೆ ಬಾವಿಯ ಹತ್ತಿರ ಬಂದು, "ಅಮ್ಮಾ, ಅಪ್ಪನಿಗೆ ಅದೇನಾ?" ಅಂದಳು.

"ನೀರು ಸೇದು."

"ಏಜೆಂಟ್ರಿಗೆ ಹೇಳಣ ಅಮ್ಮಾ."

"ಹೇಳಿ? ನೀನು ಪರೀಕ್ಷೆ ಬಿಟ್ಟು ಬಿಚ್ಚಾಣಿಕೆಗೆ ಹೋಗ್ತೀಯಾ? ಬಿಸಿನೀರಲ್ಲಿ ಬೆರಳು ಬೇಯಿಸ್ಕೊಂಡು ನೂಲು ತೆಗೀತೀಯಾ? ಸೇದು ನೀರು."

ಶ್ಯಾಮಲ ಸೇದಿದಳು. ಹಗ್ಗದ ಜೊತೆ ಅಳು ಬರುತ್ತಿತ್ತು.

ಗಂಗುಲಪ್ಪ ರುಜುವಿಗೆ ಬರುವ ಹಿಂದಿನ ದಿನ ಸಂತೆ. ಅಶ್ವತ್ಥಮ್ಮ ಬೆಳಿಗ್ಗೆಯೇ ಅಡಿಗೆ ಮುಗಿಸಿ ಗಂಡನನ್ನು ಕೊನೆಯ ಸಲ ಕೇಳಿದಳು: "ನೀವೇ ಕೇಳ್ತೀರಾ?"

"ನಾನು ಕೈ ಕೊಟ್ಟಾಗಿದೆ."

"ನಾನು ಕೊಟ್ಟಿಲ್ಲ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಕೋಟು ಹಾಕಿಕೊಂಡು ಹೋದ. ಆ ವಾರ ಜ್ವರದಿಂದ ಅವನು ಸಂತೆಗೆ ಇಳಿಯದೆ ಕಂಪನಿಯ ಒಳಗೇ ಕೂರುತ್ತಿದ್ದ; ಗೂಡು ಕೊಳ್ಳಲು ನಲ್ಲಪ್ಪನವರೇ ಬರುತ್ತಿದ್ದರು.

ಗೂಡಿನ ಸಂತೆಗೆ ಹೆಂಗಸರು ಬಾರದವರೇನಲ್ಲ. ಬುಟ್ಟಿ ಹೊತ್ತು ಬರುತ್ತಾರೆ, ಗೋಡೆಯ ನೆರಳಿನಲ್ಲಿ ಕೂರುತ್ತಾರೆ. ಕೈ ಕೊಡುವುದು ಗಂಡಸರು. ಅಶ್ವತ್ಥಮ್ಮ ಬುಟ್ಟಿಯಿಲ್ಲದೆ ಬಂದಳು, ನೆರಳಿಗೆ ಹೋಗಲಿಲ್ಲ. ಗೂಡಿನ ರಾಶಿಗಳ ನಡುವೆ ನಡೆದು ನಲ್ಲಪ್ಪನವರ ಎದುರು ನಿಂತಳು. ಅವರ ಪಕ್ಕದಲ್ಲಿ ಮುದುಕ ದಲ್ಲಾಳಿ ಬಯ್ಯಪ್ಪ ಬೀಡಿ ಸೇದುತ್ತಿದ್ದ.

"ಏನಮ್ಮ ಅಶ್ವತ್ಥಮ್ಮ, ಮ್ಯಾನೇಜರ್ ಕ್ಷೇಮ ತಾನೆ?"

"ಸಾಹುಕಾರ್ರೇ, ನಾಳೆ ಏಜೆಂಟ್ರು ನನ್ನ ಒಪ್ಪಿಗೆನೂ ಕೇಳ್ತಾರೆ. ನಮ್ಮೆಜಮಾನ್ರ ಒಪ್ಪಿಗೆ ನೀವು ಟವಲ್ ಕೆಳಗೆ ತಗೊಂಡ್ರಿ. ನನ್ನದೂ ಹಂಗೇ ತಗೊಳ್ಳಿ."

ಅಕ್ಕಪಕ್ಕದ ಟವಲುಗಳು ಅಲ್ಲಲ್ಲೇ ನಿಂತವು. ನಲ್ಲಪ್ಪನವರು ನಗಲು ನೋಡಿದರು. "ಮನೆಗೆ ಬಾರಮ್ಮ, ಮಾತಾಡಣ. ಇಲ್ಲಿ ಹೆಂಗಸರು—"

"ಮನೇಲಿ ಆಡಿದ ಮಾತು ಮನೇಲೇ ಉಳೀತದೆ. ಇಲ್ಲಿ ಕೊಟ್ಟ ಕೈ ಹಂಗಲ್ಲ ಅಂತ ನಮ್ಮೆಜಮಾನ್ರು ಹೇಳ್ತಾರೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಬಯ್ಯಪ್ಪ ಬೀಡಿ ಕೆಳಗೆ ಹಾಕಿ ತುಳಿದ.

"ಮಾಲು ಇರೋರು ಕೈ ಕೊಡ್ಬೋದು ಸ್ವಾಮಿ" ಅಂದ. "ಹೆಂಗಸಾದ್ರೇನು? ಮಾಲು ಎಲ್ಲಮ್ಮ?"

"ಸಾಹುಕಾರ್ರ ಕಂಪನೀಲಿ ಕೂತಿದೆ" ಎಂದಳು ಅಶ್ವತ್ಥಮ್ಮ.

ಆಮೇಲೆ ಯಾರೂ ನಗಲಿಲ್ಲ. ಬಯ್ಯಪ್ಪ ಹೆಗಲ ಮೇಲಿನ ತನ್ನ ಟವಲು ತೆಗೆದು ಇಬ್ಬರ ನಡುವೆ ಹಿಡಿದ. ನಲ್ಲಪ್ಪನವರು ಒಂದು ಗಳಿಗೆ ಸುತ್ತ ನಿಂತವರ ಮುಖ ನೋಡಿದರು. ನಾಳೆಯೂ ಇವರ ಹತ್ತಿರವೇ ಗೂಡು ಕೊಳ್ಳಬೇಕು. ಕೈ ಚಾಚಿದರು.

ಅವಳು ಅವರ ಐದು ಬೆರಳನ್ನೂ ಹಿಡಿದಳು, ಬಿಟ್ಟಳು, ಮತ್ತೆ ಐದನ್ನೂ ಹಿಡಿದಳು. ಇಪ್ಪತ್ತರಲ್ಲಿ ಅರ್ಧ, ಹತ್ತು ಸಾವಿರ. ಅವರು ಅವಳ ಎರಡು ಬೆರಳು ಹಿಡಿದರು. ಅವಳು ಮತ್ತೆ ಐದು, ಮತ್ತೆ ಐದು. ಗಂಡನ ಹೆಸರು ಒಮ್ಮೆಯೂ ಬಾಯಲ್ಲಿ ಹೇಳದವಳು ಅವನ ಬೆಲೆಯನ್ನು ಪರಗಂಡಸಿನ ಅಂಗೈಯಲ್ಲಿ ಒತ್ತುತ್ತಿದ್ದಳು. ಅವರು ಮೂರು. ನಾಲ್ಕು. ಅವಳ ಕೈ ನಡುಗತೊಡಗಿತು. ನಡುಕ ನೇರವಾಗಿ ಅವರ ಕೈಗೆ ಇಳಿಯಿತು. ನಲ್ಲಪ್ಪನವರ ಬೆರಳು ತಟ್ಟನೆ ನಿಂತಿತು. ಸುಖವಾಗಿರುವ ಗಂಡನ ಸಾವಿಗೆ ಯಾವ ಹೆಂಗಸೂ ಹೀಗೆ ಚೌಕಾಸಿ ಮಾಡುವುದಿಲ್ಲ.

ಅವರು ಬಗ್ಗಿ, ಬಯ್ಯಪ್ಪನಿಗೂ ಕೇಳಿಸದ ಹಾಗೆ, "ಯಾವಾಗಿಂದಮ್ಮ?" ಅಂದರು.

ಅವಳು ನೆಲ ನೋಡಿದಳು.

"ಸರಿ. ನಾನು ಕೇಳ್ಲಿಲ್ಲ, ನೀನು ಹೇಳ್ಲಿಲ್ಲ."

ಅವರ ಕೈ ಈಗ ಬೇರೆಯೇ ಕೈಯಾಗಿತ್ತು, ಚುರುಕಾಗಿತ್ತು. ಐದನ್ನೂ ಹಿಡಿದು ಬಿಟ್ಟು, ಮತ್ತೆ ಒಂದನ್ನು ಹಿಡಿದರು. ಆರು. ಅವರ ಹೆಬ್ಬೆರಳು ಅಂಗೈಯೊಳಗೆ ಗಟ್ಟಿಯಾಗಿ ಮಡಚಿಕೊಂಡದ್ದು ಅವಳ ಬೆರಳಿಗೆ ತಾಗಿತು. ಇನ್ನೊಂದು ಬೆರಳು ಕೇಳಿದರೆ ಕೈ ಎಳೆದುಕೊಂಡುಬಿಟ್ಟಾರು ಎಂಬ ಹೆದರಿಕೆಯಲ್ಲಿ ಅಶ್ವತ್ಥಮ್ಮ ಒತ್ತಿ ಬಿಟ್ಟಳು.

"ಆಯ್ತು, ಆರಕ್ಕೆ ಆಯ್ತು" ಎಂದು ನಲ್ಲಪ್ಪನವರು ತಾವೇ ಗಟ್ಟಿಯಾಗಿ ಹೇಳಿದರು. "ಬಯ್ಯಪ್ಪ ಸಾಕ್ಷಿ. ನಮ್ಮ ಮ್ಯಾನೇಜರಿಗೆ ನೂರು ವರ್ಷ ಆಯಸ್ಸಿರಲಿ."

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಕೊಂಡಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಗಂಡಸರ ಟವಲ್ ಕೆಳಗೆ ಕೈ ಇಟ್ಯಂತೆ! ನನ್ನ ಮಗನ್ನ ಸಂತೇಲಿ ಮಾರಿ ಬಂದ್ಯಂತೆ! ಎಷ್ಟಕ್ಕೇ? ಎಷ್ಟಕ್ಕೆ ಮಾರ್ದೆ?"

"ಅಜ್ಜೀ, ದಾರಿ ಬಿಡು" ಎಂದು ಶ್ಯಾಮಲ ಅವಳ ತೋಳು ಹಿಡಿದಳು.

"ನೀನು ಸುಮ್ನಿರೇ! ನಾನು ಹೆತ್ತೋಳು. ನನ್ನ ಯಾರು ಕೇಳಿದ್ರು?"

ಅಶ್ವತ್ಥಮ್ಮ ಅತ್ತೆಯ ಪಕ್ಕದಿಂದ ನುಸುಳಿ ಒಳಗೆ ಹೋಗಿ ಕೈ ತೊಳೆದಳು. ಸೀಗೆಪುಡಿ ಹಾಕಿ ಮತ್ತೊಮ್ಮೆ ತೊಳೆದಳು. ರಾತ್ರಿ ಗಂಡ ಬಂದವನು ಅವಳ ಕಡೆ ನೋಡಲಿಲ್ಲ. ಉಂಡು, ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಗಂಗುಲಪ್ಪ ಬಂದರು, ನಲ್ಲಪ್ಪನವರೂ ಬಂದರು. ಚಾಪೆ ಹಾಸಿದರು. ಗಂಗುಲಪ್ಪ ಕಾಗದ ಬಿಡಿಸಿ, ಕನ್ನಡಕ ಒರೆಸಿಕೊಂಡು ಕೇಳಿದರು:

"ಮ್ಯಾನೇಜ್ರೇ, ಯಾರ ಬಲವಂತವೂ ಇಲ್ಲದೆ ಒಪ್ಪಿದೀರಾ?"

"ಒಪ್ಪಿದೀನಿ."

"ಡಾಕ್ಟ್ರು ನೋಡಿದ ಮೇಲೆ ಮೈಗೆ ಏನಾದ್ರೂ ಆಗಿದೆಯಾ?"

ವೆಂಕಟರವಣಪ್ಪನ ಗಂಟಲಮಣಿ ಮೇಲೆ ಬಂತು, ಕೆಳಗೆ ಹೋಯಿತು. ಕೆಮ್ಮು ಬರುತ್ತಿದೆಯೆಂದು ಆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತಾಯಿತು. ಅಶ್ವತ್ಥಮ್ಮ ಮಜ್ಜಿಗೆಯ ಲೋಟವನ್ನು ಅವನ ಮುಂದೆ ಸರಿಸಿದಳು. ಅವನು ಅದನ್ನೆತ್ತಿ ಒಂದೇ ಉಸಿರಿಗೆ ಕುಡಿದ. ಕಣ್ಣಲ್ಲಿ ನೀರು ಬಂತು.

"ಏನಿಲ್ಲ."

ನಲ್ಲಪ್ಪನವರು ಸೂರಿನ ಕಡೆ ನೋಡುತ್ತಿದ್ದರು.

"ನೀವೇನಂತೀರಮ್ಮ?"

"ನನಗೂ ಒಪ್ಪಿಗೆ."

"ಅಜ್ಜೀ?"

"ನನ್ನ ಕೇಳ್ಬೇಡ" ಎಂದು ಕೊಂಡಮ್ಮ ಎದ್ದು ಒಳಗೆ ಹೋದಳು. ಗಂಗುಲಪ್ಪ ಲೇಖನಿಯ ಮುಚ್ಚಳ ತೆಗೆದರು. ಮೊದಲು ಗಂಡನ ಮುಖ, ಆಮೇಲೆ ಮಗಳ ಮುಖ ನೋಡಿದರು. ಶ್ಯಾಮಲಳ ತುಟಿ ಬಿಚ್ಚಿತು. ಅಶ್ವತ್ಥಮ್ಮ ಮಗಳ ಮಣಿಕಟ್ಟು ಹಿಡಿದಳು. ತುಟಿ ಮುಚ್ಚಿತು. ಲೇಖನಿ ವೆಂಕಟರವಣಪ್ಪನ ಕೈಗೆ ಹೋಯಿತು, ರುಜು ಬಿತ್ತು.

ಮರುದಿನ ಬೆಳಿಗ್ಗೆ ಹಾಲು ಬರಲಿಲ್ಲ. ಅಶ್ವತ್ಥಮ್ಮ ಬಾಗಿಲು ತೆರೆದಿಟ್ಟು ಬಿಸಿಲೇರುವವರೆಗೂ ಕಾದಳು. ಅದರ ಮರುದಿನವೂ ಬರಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗಲು ರಜ ಕೇಳಿದ್ದಕ್ಕೆ, "ಹೊಸ ಬಾಯ್ಲರ್ ಕೂರಿಸೋ ಹೊತ್ತು, ಇನ್ನೊಂದು ತಿಂಗಳು ಹೋಗ್ಲಿ" ಎಂದು ನಲ್ಲಪ್ಪನವರು ಹೇಳಿ ಕಳಿಸಿದರು.

ಅದನ್ನು ಹೇಳಲು ವೆಂಕಟರವಣಪ್ಪ ಆ ಸಂಜೆ ಹೆಂಡತಿಯ ಹತ್ತಿರ ಬಂದು ಕೂತ. ಸಂತೆಯ ದಿನದಿಂದ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ಅವನು ಹೆಗಲಿನ ಟವಲು ತೆಗೆದ. ಅವಳೇ ಒಗೆದು ಕಲೆ ಬಿಡಿಸಿದ್ದ ಟವಲು. ತನ್ನ ಕೈಮೇಲೆ ಹೊದಿಸಿಕೊಂಡು ಅವಳ ಕಡೆ ಚಾಚಿದ.

"ಊರಿಗೆಲ್ಲ ಗೊತ್ತು. ನನಗೆ ನೀನು ಹೇಳು. ಬಾಯಲ್ಲಿ ಬೇಡ."

ಅವಳು ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ತೂರಿಸಿದಳು. ಅವನ ಅಂಗೈ ಸುಡುತ್ತಿತ್ತು. ಐದನ್ನೂ ಹಿಡಿದು ಬಿಟ್ಟಳು. ಮತ್ತೆ ಒಂದನ್ನು ಹಿಡಿದಳು.

ಅವನು ಕಣ್ಣು ಮುಚ್ಚಿದ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುವಾಗ ಮುಚ್ಚುವ ಹಾಗೆ.

"ಅವರ ಹೆಬ್ಬೆರಳು ಹೆಂಗಿತ್ತು?"

"ಮಡಚ್ಕೊಂಡಿತ್ತು."

"ಇನ್ನೊಂದು ಇತ್ತು ಕಣೇ" ಅಂದ. "ಇನ್ನೊಂದು ಸಾವಿರ ಇತ್ತು. ನೀನು ಅವಸರ ಮಾಡಿದೆ."

ಎಸರು ಉಕ್ಕಿ ಒಲೆಗೆ ಸುರಿಯಿತು. ನಡುಮನೆಯಿಂದ ಕೊಂಡಮ್ಮ, "ಒಲೆ ಮುಂದೆ ಯಾರೂ ಇಲ್ವೇನೇ?" ಎಂದು ಕೂಗಿದಳು. ಅವನು ಕೈ ತೆಗೆಯಲು ಹೋದ. ಬೆರಳು ಒತ್ತಿ ಬಿಟ್ಟರೆ ವ್ಯಾಪಾರ ಮುಗಿದ ಹಾಗೆ. ಅಶ್ವತ್ಥಮ್ಮ ಒತ್ತಿದಳು, ಬಿಡಲಿಲ್ಲ.